ಕ್ಲೋಸ್‌ಪೇಟೆಯ ಮನೆಭೇಟಿಯೂ ಹೊಟ್ಟೆಯ ಮೇಲಿನ ಬ್ಯಾಗೂ

‘ಆಪರೇಷನ್ ಆಯಿತು, ಬ್ಯಾಗ್ ಹಾಕಿದ್ದಾರೆ.’ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಕರುಳಿನ ದೊಡ್ಡ ಶಸ್ತ್ರಚಿಕಿತ್ಸೆಯೊಂದರ ಸುದ್ದಿ ನೆಂಟರಿಷ್ಟರಿಗೆ ತಲುಪುವುದು ಇಷ್ಟೇ ಮಾತಿನಲ್ಲಿ. ಕೇಳಿದವರು ಹೆಚ್ಚು ವಿಚಾರಿಸುವುದಿಲ್ಲ, ಹೇಳಿದವರೂ ಮುಂದುವರಿಸುವುದಿಲ್ಲ. ಆದದ್ದು ಇದು: ಕರುಳಿನ ಒಂದು ತುದಿಯನ್ನು ಹೊಟ್ಟೆಯ ಗೋಡೆಯಿಂದ ಹೊರಕ್ಕೆ ತಂದು ಚರ್ಮಕ್ಕೆ ಹೊಲಿದಿದ್ದಾರೆ. ದೊಡ್ಡ ಕರುಳಾದರೆ ಕೊಲೊಸ್ಟಮಿ, ಸಣ್ಣ ಕರುಳಾದರೆ ಇಲಿಯೊಸ್ಟಮಿ, ಮೂತ್ರದ ದಾರಿಯನ್ನು ತಿರುಗಿಸಿದ್ದರೆ ಯುರೊಸ್ಟಮಿ. ಹೊರಗೆ ಕಾಣುವ ಕೆಂಪು ಬಾಯಿಗೆ ಸ್ಟೋಮಾ ಎನ್ನುತ್ತಾರೆ. ಅದನ್ನು ಬಿಗಿಹಿಡಿಯುವ ಸ್ನಾಯುವಿಲ್ಲ, ಆದ್ದರಿಂದ ಬ್ಯಾಗ್ ಬೇಕು. ಗುದನಾಳದ ಕ್ಯಾನ್ಸರ್, ಟೈಫಾಯ್ಡಿನಿಂದ ತೂತಾದ ಕರುಳು, ಹೊಟ್ಟೆಯ ಕ್ಷಯ, ಹುಟ್ಟುವಾಗಲೇ ಮಲದ್ವಾರವಿಲ್ಲದ ಮಗು, ರಸ್ತೆ ಅಪಘಾತ ಎಲ್ಲವೂ ಇಲ್ಲಿಗೆ ತಂದು ನಿಲ್ಲಿಸಬಹುದು. ಕೆಲವರಿಗೆ ಕೆಲವು ತಿಂಗಳ ಮಟ್ಟಿಗೆ, ಕೆಲವರಿಗೆ ಜೀವನಪೂರ್ತಿ. ಈ ಬದುಕಿಗೆ ಒಗ್ಗಿಕೊಳ್ಳುವುದನ್ನು ನಾವು ರೋಗಿಯ ಧೈರ್ಯದ ಪ್ರಶ್ನೆಯೆಂದು ಮಾತಾಡಿಕೊಂಡು ಬಂದಿದ್ದೇವೆ. ಚರಿತ್ರೆಯನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಶಸ್ತ್ರವೈದ್ಯರು ಸ್ಟೋಮಾ ಮಾಡುವುದನ್ನು ಕಲಿತು ನೂರೈವತ್ತು ವರ್ಷ ಕಳೆದ ಮೇಲಷ್ಟೇ ಅದರೊಂದಿಗೆ ಬದುಕುವ ದಾರಿ ತೆರೆಯಿತು; ತೆರೆದವರಲ್ಲಿ ಮುಖ್ಯರು ದಾದಿಯರು ಮತ್ತು ರೋಗಿಗಳೇ. ಮನೆಯೊಳಗೆ ಬಂದು ಕಲಿಸುವ ಆ ಕೆಲಸಕ್ಕೆ ಬೇಕಾದ ಏರ್ಪಾಡು ರಾಮನಗರಕ್ಕೆ ಹೊಸದೂ ಅಲ್ಲ. ಊರಿಗೆ ಇನ್ನೂ ಕ್ಲೋಸ್‌ಪೇಟೆ ಎಂಬ ಹೆಸರಿದ್ದ 1930ರ ದಶಕದಲ್ಲಿ ಅಲ್ಲಿ ಅಂಥದೊಂದು ಏರ್ಪಾಡು ನಡೆದಿತ್ತು. ಆ ನೆನಪನ್ನು ಮತ್ತೆ ಕೆಲಸಕ್ಕೆ ಹಚ್ಚಬೇಕೆಂಬುದು ಈ ಬರಹದ ವಾದ.

ಮೊದಲು ಶಸ್ತ್ರಚಿಕಿತ್ಸೆಯ ಕಾಲಗಣನೆ. 1710ರಲ್ಲಿ ಫ್ರಾನ್ಸಿನ ಅಲೆಕ್ಸಿ ಲಿಟ್ರ್ ಎಂಬ ವೈದ್ಯ, ಮಲದ್ವಾರವಿಲ್ಲದೆ ಹುಟ್ಟಿದ ಶಿಶುಗಳ ಕರುಳನ್ನು ಹೊಟ್ಟೆಯ ಮೇಲೆ ತೆರೆಯಬಹುದೆಂದು ಸೂಚಿಸಿದ. 1793ರಲ್ಲಿ ಬ್ರೆಸ್ಟ್ ನಗರದ ಡ್ಯುರೆ ಅಂಥದೇ ಒಂದು ಎಳೆಗೂಸಿಗೆ ಕೊಲೊಸ್ಟಮಿ ಮಾಡಿದ. ಆ ಮಗು ಬೆಳೆದು ನಲವತ್ತೈದು ವರ್ಷ ಬಾಳಿತು. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಗುದನಾಳದ ಕ್ಯಾನ್ಸರಿಗೆ ರೂಪಿಸಿದ ಶಸ್ತ್ರಚಿಕಿತ್ಸೆ ಶಾಶ್ವತ ಕೊಲೊಸ್ಟಮಿಯನ್ನು ಪ್ರಪಂಚದ ದೊಡ್ಡ ಆಸ್ಪತ್ರೆಗಳಿಗೆಲ್ಲ ಕೊಂಡೊಯ್ಯಿತು. ನಮ್ಮ ಸುಶ್ರುತನೇ ಇದನ್ನೆಲ್ಲ ಮಾಡಿದ್ದನೆಂದು ಹೇಳುವವರಿದ್ದಾರೆ. ಸುಶ್ರುತ ಸಂಹಿತೆಯಲ್ಲಿ ಕಟ್ಟಿಕೊಂಡ ಕರುಳಿಗಾಗಿ ಹೊಟ್ಟೆ ತೆರೆಯುವ, ಹರಿದ ಕರುಳಿನ ಅಂಚುಗಳನ್ನು ಕರಿ ಇರುವೆಗಳಿಂದ ಕಚ್ಚಿಸಿ ಕೂಡಿಸುವ ವಿಧಾನ ನಿಜಕ್ಕೂ ಇದೆ. ಆದರೆ ಅಲ್ಲಿ ಕರುಳನ್ನು ಸರಿಪಡಿಸಿ ಒಳಗೇ ಇಡುತ್ತಾರೆ; ಹೊರಗೆ ಬಾಯಿ ತೆರೆಯುವುದಿಲ್ಲ. ಆ ಹಿರಿಮೆಗೆ ಇಲ್ಲದ ಇನ್ನೊಂದನ್ನು ಸೇರಿಸಬೇಕಾಗಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ: ಮೈಲ್ಸನ ಕಾಲದ ರೋಗಿ ಮನೆಗೆ ಹೋದಾಗ ಅವನ ಕೈಯಲ್ಲಿದ್ದುದು ಬಟ್ಟೆಯ ಪಟ್ಟಿ, ತಗಡಿನ ಬಟ್ಟಲು, ಹೆಚ್ಚೆಂದರೆ ಬೆಲ್ಟಿಗೆ ಕಟ್ಟಿದ ರಬ್ಬರ್ ಚೀಲ. ಸುತ್ತಲಿನ ಚರ್ಮ ಸುಟ್ಟಂತಾಗುತ್ತಿತ್ತು, ವಾಸನೆ ತಡೆಯುವಂತಿರಲಿಲ್ಲ. ಜೀವ ಉಳಿದಿತ್ತು, ಹೊರಗೆ ಹೋಗುವುದು ನಿಂತಿತ್ತು.

ಈ ಸ್ಥಿತಿ ತಿರುಗಿದ್ದು 1950ರ ದಶಕದಲ್ಲಿ. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ಬ್ರಯನ್ ಬ್ರೂಕ್ ಸಣ್ಣ ಕರುಳಿನ ತುದಿಯನ್ನು ಅಂಗಿಯ ತೋಳು ಮಡಚಿದ ಹಾಗೆ ಹೊರಕ್ಕೆ ಮಡಚಿ ಹೊಲಿಯುವ ಕ್ರಮ ತಂದ; ಇಲಿಯೊಸ್ಟಮಿಯ ದ್ರವ ಚರ್ಮಕ್ಕೆ ತಾಗದೆ ನೇರ ಚೀಲಕ್ಕೆ ಬೀಳುವಂತಾಯಿತು. 1954ರಲ್ಲಿ ಡೆನ್ಮಾರ್ಕಿನ ದಾದಿ ಎಲಿಸ ಸೊರೆನ್ಸನ್, ಸ್ಟೋಮಾ ಆದ ಮೇಲೆ ಮನೆಯಿಂದ ಹೊರಬೀಳಲು ಹೆದರುತ್ತಿದ್ದ ತಂಗಿ ಥೋರಾಳಿಗಾಗಿ, ಚರ್ಮಕ್ಕೆ ಅಂಟುವ, ಬಳಸಿ ಎಸೆಯಬಹುದಾದ ಪ್ಲಾಸ್ಟಿಕ್ ಚೀಲವನ್ನು ಕಲ್ಪಿಸಿದಳು. ಅದನ್ನು ತಯಾರಿಸಲು ಒಬ್ಬ ಪ್ಲಾಸ್ಟಿಕ್ ಉದ್ಯಮಿಯನ್ನು ಒಪ್ಪಿಸಿದ್ದೂ ಅವನ ಹೆಂಡತಿ, ಆಕೆಯೂ ದಾದಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ 1958ರಲ್ಲಿ ತನ್ನ ರೋಗಿಯೇ ಆಗಿದ್ದ ನಾರ್ಮಾ ಗಿಲ್ ಎಂಬಾಕೆಯನ್ನು ಇತರ ರೋಗಿಗಳಿಗೆ ಕಲಿಸುವ ಕೆಲಸಕ್ಕೆ ನೇಮಿಸಿಕೊಂಡ. ಇಲಿಯೊಸ್ಟಮಿಯೊಂದಿಗೆ ಮನೆ ನಡೆಸಿ, ಮಕ್ಕಳನ್ನು ಸಾಕಿದ ಆಕೆಯ ಅನುಭವವೇ ಅರ್ಹತೆ. ಸ್ಟೋಮಾ ಚಿಕಿತ್ಸಕಿ ಎಂಬ ವೃತ್ತಿ ಅಲ್ಲಿಂದ ಹುಟ್ಟಿತು, 1961ರಲ್ಲಿ ಅದಕ್ಕೊಂದು ಶಾಲೆಯೂ ತೆರೆಯಿತು. ಇದೇ ಕ್ಲೀವ್‌ಲ್ಯಾಂಡಿನಲ್ಲಿ ಚರ್ಮವನ್ನು ಕಾಪಾಡಲು ಬಳಕೆಗೆ ಬಂದದ್ದು ಕರಾಯ ಅಂಟು. ಸ್ಟರ್ಕ್ಯೂಲಿಯಾ ಯುರೆನ್ಸ್ ಎಂಬ ಮರದ ತೊಗಟೆ ಕೆತ್ತಿದಾಗ ಒಸರುವ ಅಂಟು ಅದು. ಬಿಳಿ ತೊಗಟೆಯ ಆ ಮರ ಭಾರತದ ಒಣಕಾಡುಗಳದ್ದು, ಅಂಟು ಸಂಗ್ರಹಿಸುತ್ತಿದ್ದವರು ಬಹುಪಾಲು ಮಧ್ಯಭಾರತ ಮತ್ತು ಆಂಧ್ರದ ಗುಡ್ಡಗಾಡಿನ ಬುಡಕಟ್ಟಿನವರು. ನೀರು ಹೀರಿ ಉಬ್ಬಿ, ಹಸಿ ಚರ್ಮಕ್ಕೂ ಹಿಡಿದುಕೊಳ್ಳುವ ಅದರ ಗುಣವೇ ಮುಂದೆ ಪೆಕ್ಟಿನ್, ಜೆಲಟಿನ್ ಬೆರೆತ ಇಂದಿನ ಅಂಟುಬಿಲ್ಲೆಗಳಿಗೆ ದಾರಿ ತೋರಿಸಿತು. ನಮ್ಮ ಕಾಡಿನ ಅಂಟು ಸಾಗರ ದಾಟಿ ಹೊರದೇಶದ ರೋಗಿಗಳಿಗೆ ನೆಮ್ಮದಿ ಕೊಡುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಹಳ್ಳಿಯ ರೋಗಿ ಹಳೆ ಸೀರೆಯ ತುಂಡನ್ನು ಮಡಿಸಿ ಹೊಟ್ಟೆಗೆ ಕಟ್ಟಿಕೊಳ್ಳುತ್ತಿದ್ದ. ವಸ್ತು ಇಲ್ಲದ ಕೊರತೆ ಅದಾಗಿರಲಿಲ್ಲ. ವಸ್ತುವನ್ನೂ ತಿಳಿವನ್ನೂ ಮನೆಗೆ ಮುಟ್ಟಿಸುವವರ ಕೊರತೆಯಾಗಿತ್ತು.

ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಕೊರತೆ ಯಾಕೆ ಬಂತೆಂಬುದಕ್ಕೆ ಭೂಗೋಳದಲ್ಲೇ ಉತ್ತರವಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಅದಕ್ಕೂ ಮುಂಚೆ, 1880ರ ದಶಕದ ಮೊದಲಿಗೇ, ಬೆಂಗಳೂರು–ಮೈಸೂರು ರೈಲು ಕ್ಲೋಸ್‌ಪೇಟೆ, ಚನ್ನಪಟ್ಟಣಗಳನ್ನು ಹಾದುಹೋಗಿತ್ತು. ಮಾಗಡಿಗೂ ಕನಕಪುರಕ್ಕೂ ರೈಲು ಇಂದಿಗೂ ಬಂದಿಲ್ಲ. ರಾಜಧಾನಿ ಐವತ್ತು ಅರವತ್ತು ಕಿಲೋಮೀಟರ್ ದೂರದಲ್ಲೇ ಇದ್ದುದರಿಂದ ದೊಡ್ಡ ಕಾಯಿಲೆಗೆಲ್ಲ ‘ಬೆಂಗಳೂರಿಗೆ ಕರಕೊಂಡು ಹೋಗಿ’ ಎಂಬುದೇ ವಾಡಿಕೆಯಾಯಿತು. 1973ರಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಹುಟ್ಟಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದ ಮೇಲೆ ಕ್ಯಾನ್ಸರ್ ರೋಗಿಗಳ ಹಾದಿಯೂ ಅತ್ತಲೇ ತಿರುಗಿತು. ಹತ್ತಿರವಿದ್ದದ್ದು ಒಳ್ಳೆಯದೇ, ಅದರಿಂದ ಉಳಿದ ಜೀವಗಳು ಬಹಳ. ಆದರೆ ಬೆಂಗಳೂರಿನ ನೆರಳಿನಲ್ಲಿದ್ದ ಕಾರಣಕ್ಕೇ ಶಸ್ತ್ರಚಿಕಿತ್ಸೆಯ ನಂತರದ ಕೆಲಸವನ್ನು ಊರಲ್ಲೇ ಕಟ್ಟಿಕೊಳ್ಳುವ ಒತ್ತಾಯ ಹುಟ್ಟಲಿಲ್ಲ. 1975ರಲ್ಲಿ ಮುಂಬಯಿಯಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಶುರುವಾಗಿ, ಸ್ಟೋಮಾ ಇರುವವರೇ ಸ್ಟೋಮಾ ಆದವರಿಗೆ ಕಲಿಸುವ ಪದ್ಧತಿ ನಮ್ಮ ದೇಶಕ್ಕೂ ಬಂತು. ಮಹಾನಗರದ ಆ ಪಾಠ ತಾಲ್ಲೂಕು ಕೇಂದ್ರಗಳಿಗೆ ಇಳಿಯುವುದಕ್ಕೆ ಸೇತುವೆ ಇರಲಿಲ್ಲ. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು, 2025ರಲ್ಲಿ ಅದರ ಹೆಸರನ್ನು ಬೆಂಗಳೂರು ದಕ್ಷಿಣವೆಂದು ಬದಲಿಸಲು ಸರ್ಕಾರ ತೀರ್ಮಾನಿಸಿತು. ಹೆಸರು ಯಾವುದಾದರೂ ಇರಲಿ, ಡಿಸ್ಚಾರ್ಜ್ ಆಗಿ ಬಸ್ಸು ಹತ್ತಿದ ರೋಗಿಯ ಮುಂದಿನ ಆರು ತಿಂಗಳು ಯಾರ ಹೊಣೆ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಈಗ ಕ್ಲೋಸ್‌ಪೇಟೆಯ ಮಾತು. ಮೈಸೂರು ಸಂಸ್ಥಾನ 1920ರ ದಶಕದ ಕೊನೆಯಿಂದ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಲಹೆ, ನೆರವುಗಳೊಂದಿಗೆ ತನ್ನ ಆರೋಗ್ಯ ಇಲಾಖೆಯನ್ನು ಹೊಸದಾಗಿ ಕಟ್ಟತೊಡಗಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ ಅದು. 1930ರ ದಶಕದಲ್ಲಿ ಕ್ಲೋಸ್‌ಪೇಟೆಯಲ್ಲಿ ಗ್ರಾಮೀಣ ಆರೋಗ್ಯ ಘಟಕವೂ ತರಬೇತಿ ಕೇಂದ್ರವೂ ನೆಲೆಗೊಂಡವು. ಭಾರತದ ಸಾರ್ವಜನಿಕ ಆರೋಗ್ಯದ ಚರಿತ್ರೆ ಓದಿದವರಿಗೆ ತಿರುವಾಂಕೂರಿನ ನೆಯ್ಯಾಟ್ಟಿಂಕರ, ಮದ್ರಾಸಿನ ಬಳಿಯ ಪೂನಮಲ್ಲಿ, ದೆಹಲಿ ಪಕ್ಕದ ನಜಫ್‌ಗಢಗಳ ಜೊತೆ ರಾಮನಗರದ ಹೆಸರೂ ಸಿಗುವುದು ಇದರಿಂದಲೇ. ರೇಷ್ಮೆಗೂಡಿನ ಮಾರುಕಟ್ಟೆಗೂ ಬಂಡೆಗಳಿಗೂ ಹೆಸರಾದ ಊರಿನವರೇ ಈ ಸಂಗತಿಯನ್ನು ಮರೆತಿರುವುದು ನನಗೆ ದುಃಖದ ವಿಷಯ. ಇಂಥ ಘಟಕಗಳ ಕ್ರಮವೇ ಬೇರೆ ಇತ್ತು. ರೋಗಿ ಬರಲಿ ಎಂದು ಡಿಸ್ಪೆನ್ಸರಿಯಲ್ಲಿ ಕಾಯುವುದರ ಬದಲು ಒಂದು ಗೊತ್ತಾದ ಜನಸಂಖ್ಯೆಯನ್ನು ವಹಿಸಿಕೊಳ್ಳುವುದು. ಹುಟ್ಟು, ಸಾವು, ಕಾಯಿಲೆಗಳನ್ನು ಮನೆವಾರು ದಾಖಲಿಸುವುದು. ಆರೋಗ್ಯ ಸಂದರ್ಶಕಿ, ಸೂಲಗಿತ್ತಿ ನರ್ಸ್, ನೈರ್ಮಲ್ಯ ಇನ್ಸ್‌ಪೆಕ್ಟರ್ ಮನೆಮನೆಗೆ ಸರದಿಯ ಮೇಲೆ ಹೋಗುವುದು. ಬಸುರಿ, ಬಾಣಂತಿ, ಕೂಸು, ಬಾವಿ, ಕಕ್ಕಸು ಎಲ್ಲವನ್ನೂ ಒಂದೇ ಭೇಟಿಯಲ್ಲಿ ಕಣ್ಣಾರೆ ನೋಡಿ, ಅಲ್ಲೇ ಮಾಡಿ ತೋರಿಸುವುದು. ಕೊಕ್ಕೆಹುಳು, ಮಲೇರಿಯಾ, ಶಿಶುಮರಣಗಳು ಅವರ ಗುರಿಯಾಗಿದ್ದವು. ಸ್ಟೋಮಾ ಅವರ ಪಟ್ಟಿಯಲ್ಲಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೂ ನಾರ್ಮಾ ಗಿಲ್ ಕ್ಲೀವ್‌ಲ್ಯಾಂಡಿನಲ್ಲಿ ಕಂಡುಕೊಂಡ ತತ್ವ ಇಲ್ಲಿ ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಬೇರೆ ಉದ್ದೇಶಕ್ಕೆ ನಡೆಯುತ್ತಿತ್ತು: ಮೈಯ ಆರೈಕೆ ಕಲಿಯಬೇಕಾದ್ದು ಆ ಮೈ ಬಾಳುವ ಮನೆಯಲ್ಲಿ.

ಮನೆಯಲ್ಲೇ ಯಾಕೆ ಎಂಬುದಕ್ಕೆ ಈ ಸೀಮೆಯ ದಿನಚರಿಯೇ ಸಾಕ್ಷಿ. ಸ್ಟೋಮಾ ಎಲ್ಲಿ ಬರಬೇಕೆಂದು ಶಸ್ತ್ರಚಿಕಿತ್ಸೆಗೆ ಮೊದಲೇ ಗುರುತು ಹಾಕಬೇಕು. ಕೂತಾಗ, ನಿಂತಾಗ, ಬಗ್ಗಿದಾಗ ಮಡಿಕೆ ಬೀಳದ, ಬೆಲ್ಟಿನ ಗೆರೆಗೆ ಸಿಗದ ಜಾಗ ಹುಡುಕಬೇಕು ಎಂಬುದು ಈ ವೃತ್ತಿಯ ಮೊದಲ ಪಾಠ. ಪ್ಯಾಂಟಿನ ಬೆಲ್ಟನ್ನು ಮನಸ್ಸಿನಲ್ಲಿಟ್ಟು ಬರೆದ ಆ ಪಾಠ, ಲಂಗದ ಲಾಡಿ ಬಿಗಿದು ನೆರಿಗೆ ಸಿಕ್ಕಿಸುವ ಮಾಗಡಿಯ ಹೆಂಗಸಿಗೂ, ಪಂಚೆ ಮೇಲಕ್ಕೆ ಕಟ್ಟಿ ಗದ್ದೆಗಿಳಿಯುವ ಗಂಡಸಿಗೂ, ಸೊಂಟದ ಉಡಿದಾರಕ್ಕೂ ಬೇರೆಯಾಗಿ ಹೊಂದಬೇಕು. ರಾಮನಗರದ ನೂಲು ಬಿಚ್ಚಾಣಿಕೆಯ ಕೆಲಸಗಾರ್ತಿ ದಿನವಿಡೀ ಬಿಸಿನೀರಿನ ಬೇಸಿನ್ ಎದುರು, ಹಬೆಯಲ್ಲಿ ಕೂರುತ್ತಾಳೆ; ಬೆವರಿಗೆ ಅಂಟು ಬೇಗ ಬಿಡುತ್ತದೆ, ಇಲಿಯೊಸ್ಟಮಿ ಇದ್ದರೆ ಮೈಯ ನೀರೂ ಉಪ್ಪೂ ಎರಡು ಕಡೆಯಿಂದ ಹೋಗುತ್ತವೆ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡಿಗೆ ಅರಗಿನ ಬಣ್ಣ ಹಚ್ಚುವ ಕುಶಲಕರ್ಮಿ ಲೇತಿನ ಮೇಲೆ ಮುಂದಕ್ಕೆ ಬಾಗಿಯೇ ದುಡಿಯಬೇಕು. ಕನಕಪುರದ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತುವವರಿಗೆ, ಕಲ್ಲುಕೆಲಸದವರಿಗೆ ಸ್ಟೋಮಾದ ಪಕ್ಕದಲ್ಲೇ ಹರ್ನಿಯಾ ಆಗುವ ಅಪಾಯವಿದೆ. ಭಾರ ಎತ್ತಬೇಡಿ ಎಂದು ಚೀಟಿಯಲ್ಲಿ ಬರೆಯುವುದು ಸುಲಭ, ಎತ್ತದೆ ಅದೇ ಮನೆಯಲ್ಲಿ ಯಾವ ಕೆಲಸ ಮಾಡಬಹುದೆಂದು ಹೇಳಲು ಆ ಮನೆಯನ್ನು ನೋಡಿರಬೇಕು. ಊಟದ ಮಾತೂ ಹಾಗೆಯೇ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಮುದ್ದೆ ಮೆತ್ತಗಿರುವುದರಿಂದ ತೊಂದರೆ ಕಡಿಮೆ, ಆದರೆ ಅದರ ಜೊತೆಗೇ ಜಾರುವ ಸೊಪ್ಪಿನ ದಂಟು, ಕಾಳಿನ ಸಿಪ್ಪೆ, ಕಾಯಿತುರಿ ಇಲಿಯೊಸ್ಟಮಿಯ ಕಿರಿದಾದ ಬಾಯಲ್ಲಿ ಕಟ್ಟಿಕೊಳ್ಳಬಹುದು. ಅವರೆಕಾಯಿಯ ಕಾಲದಲ್ಲಿ ಮಾಗಡಿಯ ಮನೆಗಳಲ್ಲಿ ಗಾಳಿ ತುಂಬುವ ಬ್ಯಾಗು ಒಂದು ವಾಸ್ತವ. ಮತ್ತೊಂದು ಕಡೆ, ನೀರು ಉಪ್ಪು ತುಂಬಿಕೊಳ್ಳಲು ಉಪ್ಪು ಹಾಕಿದ ಗಂಜಿ, ಮಜ್ಜಿಗೆಗಳು ನಮ್ಮ ಅಡುಗೆಮನೆಯಲ್ಲೇ ಇವೆ. ಊಟದ ಪಟ್ಟಿಯನ್ನು ಇಂಗ್ಲಿಷಿನಿಂದ ನಕಲು ಮಾಡಿ ಅಣಬೆ, ಬ್ರಾಕೊಲಿ ಬೇಡವೆಂದರೆ ಇಲ್ಲಿ ಯಾರಿಗೂ ಉಪಯೋಗವಿಲ್ಲ.

ಇನ್ನು ನೀರು, ಬಚ್ಚಲು, ಕಕ್ಕಸು. 2011ರ ಜನಗಣತಿಯ ಹೊತ್ತಿಗೆ ಗ್ರಾಮೀಣ ಕರ್ನಾಟಕದಲ್ಲಿ ಶೌಚಾಲಯವಿದ್ದ ಮನೆಗಳು ಶೇಕಡ 28ರಷ್ಟು ಮಾತ್ರ. ಬಯಲಿಗೆ ಚೆಂಬು ಹಿಡಿದು ಹೋಗಿ ಕೂರುವ ಪದ್ಧತಿಯಲ್ಲಿ ಬ್ಯಾಗ್ ಖಾಲಿ ಮಾಡುವುದು ಹೇಗೆ, ಅದನ್ನು ತೊಳೆಯುವ ನೀರು ಎಲ್ಲಿ, ಮರೆ ಎಲ್ಲಿ? ಸ್ಟೋಮಾ ಇರುವವರಿಗೆ ಮಲಕ್ಕೆ ಹೊತ್ತೆಂಬುದಿಲ್ಲ. ಮುಂಜಾನೆಯ ಕತ್ತಲು ಕಾಯುವ ಹಾಗಿಲ್ಲ. 2014ರ ನಂತರದ ಶೌಚಾಲಯ ನಿರ್ಮಾಣ ಈ ದೃಷ್ಟಿಯಿಂದ ದೊಡ್ಡ ಉಪಕಾರ ಮಾಡಿದೆ. ಆದರೆ ಮೂರಡಿ ಅಗಲದ, ನಲ್ಲಿಯಿಲ್ಲದ, ಬ್ಯಾಗ್ ಇಡಲು ಒಂದು ಗೂಡೂ ಇಲ್ಲದ ಕೋಣೆಯಲ್ಲಿ ಮೊಣಕಾಲೂರಿ ಚೀಲ ಬದಲಿಸುವವರ ಕಷ್ಟ ಕಟ್ಟಡದ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಗೋಡೆಗೊಂದು ಮೊಳೆ, ಎದೆಯೆತ್ತರಕ್ಕೆ ಒಂದು ಕನ್ನಡಿ, ಒಂದು ಮಗ್ಗು ಬೆಚ್ಚನೆ ನೀರು, ಮುಚ್ಚಳದ ಡಬ್ಬಿ: ಬೇಕಾದ್ದು ಇಷ್ಟು. ಇದನ್ನು ಹೇಳಬಲ್ಲವರು ಆ ಬಚ್ಚಲಿಗೆ ಕಾಲಿಟ್ಟವರು ಮಾತ್ರ. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಕೈಕಾಲು ತೊಳೆಯದೆ ಹುಳುಮನೆಗೆ ಯಾರನ್ನೂ ಬಿಡುವುದಿಲ್ಲ, ಸುಣ್ಣವೂ ಬ್ಲೀಚಿಂಗ್ ಪುಡಿಯೂ ತಪ್ಪುವುದಿಲ್ಲ. ಅಷ್ಟು ಶಿಸ್ತು ಬಲ್ಲ ಸಂಸಾರಕ್ಕೆ ಸ್ಟೋಮಾದ ಆರೈಕೆ ಹೆಚ್ಚಿನ ಹೊರೆಯಲ್ಲ, ಒಬ್ಬರು ಒಮ್ಮೆ ಕೂತು ಕಲಿಸಿದರೆ.

ಇದಕ್ಕೆ ಎದುರಾಗಿ ಮೊದಲು ಬರುವ ಮಾತು ಮಡಿ ಮೈಲಿಗೆಯದು. ನಮ್ಮ ಜನ ಇದನ್ನು ಒಪ್ಪುವುದಿಲ್ಲ, ದೇವರ ಮನೆಗೂ ಅಡುಗೆಮನೆಗೂ ಸೇರಿಸುವುದಿಲ್ಲ, ಆದ್ದರಿಂದ ಯಾರು ಮನೆಗೆ ಬಂದು ಏನು ಹೇಳಿದರೂ ಉಪಯೋಗವಿಲ್ಲ ಎನ್ನುತ್ತಾರೆ. ಆ ನೋವು ನಿಜ, ಅದನ್ನು ಸಣ್ಣದು ಮಾಡಲಾರೆ. ಆದರೆ ಈ ಸೀಮೆಯ ಸಂಪ್ರದಾಯಗಳನ್ನು ಒಂದೊಂದಾಗಿ ನೋಡಿದರೆ ಬಾಗಿಲು ಮುಚ್ಚಿರುವುದು ಅವುಗಳಲ್ಲಲ್ಲ. ಧರ್ಮಶಾಸ್ತ್ರಗಳು ಕಾಯಿಲೆಯವರಿಗೆ ಪೂರ್ಣ ಸ್ನಾನಕ್ಕೆ ಬದಲಾಗಿ ಭಸ್ಮಸ್ನಾನ, ಮಂತ್ರಸ್ನಾನಗಳನ್ನು ಒಪ್ಪಿವೆ. ವೀರಶೈವ ಪರಂಪರೆ ಜನನ, ಮರಣ, ಮುಟ್ಟು ಮೊದಲಾದ ಪಂಚಸೂತಕಗಳನ್ನೇ ಲಿಂಗವಂತರಿಗೆ ಇಲ್ಲವೆಂದಿದೆ. ರಾಮನಗರ, ಚನ್ನಪಟ್ಟಣಗಳಲ್ಲಿ ನೂಲು, ಗೊಂಬೆಗಳ ಕಸುಬಿನಲ್ಲಿರುವ ಮುಸ್ಲಿಮರು ಬಹುಪಾಲು ಅನುಸರಿಸುವ ಹನಫಿ ಪಂಥದಲ್ಲಿ, ಮೈಯಿಂದ ನಿಲ್ಲದೆ ಸ್ರವಿಸುವ ತೊಂದರೆ ಇರುವವರನ್ನು ಮಾಜೂರ್ ಎಂದು ಗಣಿಸಿ, ಪ್ರತಿ ನಮಾಜಿನ ಹೊತ್ತಿಗೆ ಹೊಸದಾಗಿ ವುಜೂ ಮಾಡಿದರೆ ಸಾಕೆಂಬ ರಿಯಾಯಿತಿ ಶತಮಾನಗಳಿಂದ ಇದೆ. ಹಾಗಾದರೆ ಅಸಹ್ಯ ಎಲ್ಲಿಂದ ಬಂತು? ಮಲವನ್ನು ಮುಟ್ಟುವ ಕೆಲಸವನ್ನು ಒಂದೇ ಜಾತಿಯ ಹೆಗಲಿಗೆ ಹೊರಿಸಿ ಉಳಿದವರು ಕಣ್ಣು ತಿರುಗಿಸಿದ ಪದ್ಧತಿಯಿಂದ ಅದರ ಬಹುಪಾಲು ಬಂದಿದೆ. ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದಾಗ ಅವರು ತೆಗೆದುಹಾಕಿದ್ದು ಒಂದು ಬುಟ್ಟಿಯನ್ನಷ್ಟೇ ಅಲ್ಲ. ತನ್ನ ಮೈಯ ಕೊಳೆ ತಾನೇ ತೊಳೆದುಕೊಳ್ಳುವುದು ಮಾನದ ಕೆಲಸವೆಂಬ ತಿಳಿವಳಿಕೆ ಅಲ್ಲಿಂದ ಮುಂದೆ ಹರಡಬೇಕಿತ್ತು. ಮನೆಯಲ್ಲಿ ಬ್ಯಾಗ್ ಬದಲಿಸುವ ಕೆಲಸ ಇವತ್ತಿಗೂ ಹೆಂಡತಿ, ಸೊಸೆ, ಮಗಳ ಪಾಲಿಗೇ ಬೀಳುತ್ತಿರುವುದನ್ನು ನೋಡಿದರೆ ಅದು ಪೂರ್ತಿ ಹರಡಿಲ್ಲ. ಸ್ಟೋಮಾ ಆದವರು ತಮ್ಮ ಕೈಯಾರೆ ಮಾಡಿಕೊಳ್ಳಲು ಕಲಿತ ದಿನ ಅಸಹ್ಯದ ಅರ್ಧ ಕರಗುತ್ತದೆ, ಮನೆಯವರ ಮುಖವೂ ಸಡಿಲವಾಗುತ್ತದೆ.

ಎರಡನೆಯ ಆಕ್ಷೇಪ ಲೆಕ್ಕದ್ದು. ತಾಲ್ಲೂಕಿಗೆ ಇಂಥವರು ಎಷ್ಟು ಜನ ಸಿಕ್ಕಾರು, ಅವರಿಗಾಗಿ ಪ್ರತ್ಯೇಕ ದಾದಿ ಬೇಕೇ, ಫೋನಿನಲ್ಲಿ ವಿಡಿಯೊ ತೋರಿಸಿದರೆ ಸಾಲದೇ? ಸಂಖ್ಯೆ ಕಡಿಮೆ ಎಂದೇ ಇಟ್ಟುಕೊಳ್ಳೋಣ. ಕಡಿಮೆ ಇರುವುದರಿಂದಲೇ ಒಬ್ಬರಿಗೆ ಇನ್ನೊಬ್ಬರು ಗೊತ್ತಾಗುವುದಿಲ್ಲ, ಪಕ್ಕದ ಬೀದಿಯಲ್ಲೇ ಇದ್ದರೂ ಅಡಗಿಕೊಂಡಿರುತ್ತಾರೆ. ಅವರನ್ನು ಪರಸ್ಪರ ಪರಿಚಯಿಸಲಾದರೂ ಯಾರೋ ಒಬ್ಬರ ಬಳಿ ಮನೆವಾರು ಪಟ್ಟಿ ಇರಬೇಕು. ಪ್ರತ್ಯೇಕ ದಾದಿಯೂ ಬೇಕಿಲ್ಲ. ಆಶಾ ಕಾರ್ಯಕರ್ತೆಯರು ಈಗಾಗಲೇ ಮನೆಗಳಿಗೆ ಹೋಗುತ್ತಿದ್ದಾರೆ. 2024ರಲ್ಲಿ ಕೋಲಾರದಿಂದ ಆರಂಭವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ ಬಿಪಿ, ಸಕ್ಕರೆ ಕಾಯಿಲೆಗಳ ತಪಾಸಣೆಯನ್ನು ಮನೆಬಾಗಿಲಿಗೆ ತಂದಿದೆ. ಆ ಹಾದಿಯಲ್ಲೇ ತಾಲ್ಲೂಕು ಆಸ್ಪತ್ರೆಯ ಒಬ್ಬ ನರ್ಸಿಗೆ ಸ್ಟೋಮಾ ಆರೈಕೆಯ ತರಬೇತಿ ಕೊಟ್ಟು, ಡಿಸ್ಚಾರ್ಜ್ ಆದವರ ಹೆಸರು ಬೆಂಗಳೂರಿನಿಂದ ಅವರಿಗೆ ತಲುಪುವಂತೆ ಮಾಡಬಹುದು. ವಿಡಿಯೊ ಒಳ್ಳೆಯದೇ, ಆದರೆ ಅಂಟುಬಿಲ್ಲೆಯ ತೂತನ್ನು ಸ್ಟೋಮಾದ ಅಳತೆಗೆ ಕತ್ತರಿಸುವಾಗ ತುಸು ದೊಡ್ಡದಾದರೆ ಚರ್ಮ ಹುಣ್ಣಾಗುತ್ತದೆ, ತುಸು ಚಿಕ್ಕದಾದರೆ ಸ್ಟೋಮಾ ಗಾಯವಾಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಆ ಅಳತೆಯೇ ಕುಗ್ಗುತ್ತ ಹೋಗುತ್ತದೆ. ಇದು ಕಣ್ಣೆದುರು ಕೂತು ನೋಡುವ ಕೆಲಸ. ದುಡ್ಡಿನ ವಿಷಯದಲ್ಲಿ ತೊಡಕು ಬೇರೆಡೆ ಇದೆ. 2003ರ ಯಶಸ್ವಿನಿಯಿಂದ ಹಿಡಿದು ಇಂದಿನ ಆರೋಗ್ಯ ಕರ್ನಾಟಕದವರೆಗೆ ನಮ್ಮ ಯೋಜನೆಗಳೆಲ್ಲ ಮುಖ್ಯವಾಗಿ ಆಸ್ಪತ್ರೆಯೊಳಗಿನ ಚಿಕಿತ್ಸೆಗೆ ಕಟ್ಟಿದವು. ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸುವ ಬ್ಯಾಗಿನ ಖರ್ಚು ಮನೆಯದ್ದಾಗಿಯೇ ಉಳಿಯುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಹೆಸರಿಸಿದೆ, ಸ್ಟೋಮಾ ಅದರಲ್ಲಿಲ್ಲ. ಬಸ್ ಪಾಸು, ಪಿಂಚಣಿ, ಕೆಲಸದ ಸ್ಥಳದ ರಿಯಾಯಿತಿ ಯಾವುದನ್ನು ಕೇಳಲೂ ಕಾಗದದ ಮೇಲೆ ಅವರಿಗೊಂದು ಹೆಸರಿಲ್ಲ.

ಕ್ಲೋಸ್‌ಪೇಟೆಯ ಘಟಕವನ್ನೇ ಅನುಮಾನಿಸುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಹೊರಗಿನ ದುಡ್ಡು, ಹೊರಗಿನ ಮಾದರಿ, ಜನರ ಬಚ್ಚಲಿಗೆ ಇಣುಕುವ ಇನ್ಸ್‌ಪೆಕ್ಟರನ ಅಧಿಕಾರ. ಒಂದು ಘಟಕಕ್ಕೆ ಸುರಿದಷ್ಟು ಹಣವನ್ನು ಸಂಸ್ಥಾನದ ಎಲ್ಲ ತಾಲ್ಲೂಕಿಗೂ ಸುರಿಯಲಾಗದೆ ಅದು ಪ್ರದರ್ಶನದ ವಸ್ತುವಾಯಿತೆಂಬ ಟೀಕೆ ಈ ಬಗೆಯ ಎಲ್ಲ ಘಟಕಗಳ ಮೇಲೂ ಇದೆ. ಹಾಗಿದ್ದರೂ 1946ರ ಭೋರ್ ಸಮಿತಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಜಾಲವನ್ನು ಕಲ್ಪಿಸಿದಾಗ ಅದರ ಹಿಂದೆ ಇಂಥ ಘಟಕಗಳ ಅನುಭವವಿತ್ತು. ಇವತ್ತು ಕೂಟಗಲ್ಲಿನಲ್ಲೋ ಸಾತನೂರಿನಲ್ಲೋ ಕುದೂರಿನಲ್ಲೋ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತುವವರು ಆ ಪ್ರಯೋಗದ ವಾರಸುದಾರರೇ. ಅಲ್ಲಿಂದ ನಾವು ಉಳಿಸಿಕೊಳ್ಳಬೇಕಾದ್ದು ಇನ್ಸ್‌ಪೆಕ್ಟರನ ಅಧಿಕಾರವನ್ನಲ್ಲ, ಸಂದರ್ಶಕಿಯ ದಫ್ತರನ್ನು: ಯಾವ ಮನೆಯಲ್ಲಿ ಯಾರಿದ್ದಾರೆ, ಹಿಂದಿನ ಸಲ ಏನು ಕಲಿಸಿತ್ತು, ಮುಂದಿನ ಸಲ ಯಾವಾಗ ಬರಬೇಕು. ಇಣುಕು ನೋಟದ ಭಯಕ್ಕೆ ಮದ್ದನ್ನು ನಾರ್ಮಾ ಗಿಲ್ ಮತ್ತು ಮುಂಬಯಿಯ ಸಂಘ ಆಗಲೇ ತೋರಿಸಿಕೊಟ್ಟಿದ್ದಾರೆ; ಮನೆಗೆ ಬರುವ ನರ್ಸಿನ ಜೊತೆ ಅದೇ ತಾಲ್ಲೂಕಿನ, ಸ್ಟೋಮಾದೊಂದಿಗೆ ಕೆಲವು ವರ್ಷ ಬಾಳಿ ಅದೇ ಬೇಸಿನ್, ಅದೇ ಲೇತ್, ಅದೇ ಹೊಲದ ಕೆಲಸ ಮಾಡುತ್ತಿರುವ ಒಬ್ಬರು ಬರಬೇಕು. ಕನಕಪುರದಲ್ಲಿ, ಮಾಗಡಿಯಲ್ಲಿ ಅಂಥವರು ಈಗಲೂ ಇದ್ದಾರೆ. ಅವರನ್ನು ಹುಡುಕಿ, ಓಡಾಟದ ಖರ್ಚು ಕೊಟ್ಟು, ಈ ಕೆಲಸಕ್ಕೆ ಕರೆಯುವುದು ಜಿಲ್ಲಾ ಆರೋಗ್ಯ ಇಲಾಖೆ ಇದೇ ವರ್ಷ ಮಾಡಬಹುದಾದ ಕೆಲಸ.